ನೋಡುವ ಕಣ್ಣು, ನೀಡುವ ಕೈ

ಸಂಕಟವನ್ನು ಕಂಡವನ ಮೊದಲ ಧರ್ಮ ಯಾವುದು? ಕಂಡದ್ದನ್ನು ಲೋಕಕ್ಕೆ ತಿಳಿಸುವುದೊ, ಕೈನೀಡಿ ಎತ್ತುವುದೊ? ಈ ಜಿಜ್ಞಾಸೆ ಮೂಡಿದಾಗಲೆಲ್ಲ ನನಗೆ ದಕ್ಷಿಣ ಆಫ್ರಿಕದ ಪತ್ರಿಕಾ ಛಾಯಾಗ್ರಾಹಕ ಕೆವಿನ್ ಕಾರ್ಟರನ ನೆನಪಾಗುತ್ತದೆ. ಅವನ ಒಂದು ಚಿತ್ರವನ್ನು ಬಲ್ಲವರು ಬಹು ಮಂದಿ. ಬಾಳನ್ನು ಬಲ್ಲವರು ವಿರಳ.

ಕಾರ್ಟರ್ ಹುಟ್ಟಿದ್ದು 1960ರಲ್ಲಿ, ಜೋಹಾನ್ಸ್‌ಬರ್ಗ್ ನಗರದ ಬಿಳಿಯರ ಮನೆಯೊಂದರಲ್ಲಿ. ವರ್ಣಭೇದವೇ ಆಗ ಆ ನಾಡಿನ ಕಾನೂನು. 1980ರಲ್ಲಿ, ಸೈನ್ಯದ ಕಡ್ಡಾಯ ಸೇವೆಯಲ್ಲಿದ್ದಾಗ, ಭೋಜನಶಾಲೆಯ ಕರಿಯ ಪರಿಚಾರಕನೊಬ್ಬನನ್ನು ಸೈನಿಕರು ಅವಮಾನಿಸುತ್ತಿದ್ದುದನ್ನು ಕಂಡು ಅವನು ಅಡ್ಡಬಂದ. ಅದಕ್ಕಾಗಿ ಸಂಗಡಿಗರಿಂದಲೇ ಪೆಟ್ಟು ತಿಂದ. ಆಗ ಅವನ ಕೈಯಲ್ಲಿ ಕ್ಯಾಮರಾ ಇರಲಿಲ್ಲ.

ಮುಂದೆ ಅವನು ಪತ್ರಿಕೆಗಳಿಗೆ ಚಿತ್ರ ತೆಗೆಯತೊಡಗಿದ. ಕರಿಯರ ವಸತಿಗಳಲ್ಲಿ ಅಂದು ರಕ್ತ ಹರಿಯದ ದಿನವೇ ಅಪರೂಪವಾಗಿತ್ತು. ಉರಿಯುವ ಟೈರನ್ನು ಕೊರಳಿಗೆ ಹಾಕಿ ಮನುಷ್ಯನನ್ನು ಸುಡುವ ಘೋರ ಕೃತ್ಯವನ್ನೂ ಅವನು ಚಿತ್ರಿಸಿದ. ತಾನು ಮಾಡಿದ್ದನ್ನು ನೆನೆದು ಅವನೇ ನಡುಗಿದ. ಆದರೆ ಆ ಚಿತ್ರಗಳ ಬಗ್ಗೆ ಜನ ಮಾತಾಡತೊಡಗಿದಾಗ, ಸಾಕ್ಷಿಯಾಗಿ ನಿಲ್ಲುವುದೂ ಒಂದು ಸೇವೆಯೆಂದು ಸಮಾಧಾನ ತಂದುಕೊಂಡ. ಆ ಸಮಾಧಾನ ಸುಳ್ಳಲ್ಲ; ಪೂರ್ಣವೂ ಅಲ್ಲ.

1993ರ ಮಾರ್ಚಿಯಲ್ಲಿ ಅವನು ಅಂತರ್ಯುದ್ಧ, ಕ್ಷಾಮಗಳಿಂದ ಬೆಂದಿದ್ದ ಸೂಡಾನಿಗೆ ಹೋದ. ಇಂದು ದಕ್ಷಿಣ ಸೂಡಾನಿಗೆ ಸೇರಿರುವ ಅಯೋಡ್ ಎಂಬ ಹಳ್ಳಿಯ ಬಳಿ, ಅನ್ನ ಹಂಚುವ ಕೇಂದ್ರದ ಹತ್ತಿರವೇ, ಎಲುಬುಗೂಡಾದ ಮಗುವೊಂದು ನೆಲಕ್ಕೆ ಕುಸಿದಿತ್ತು. ಅದರ ಹಿಂದೆ ರಣಹದ್ದೊಂದು ಇಳಿದು ಕೂತಿತ್ತು. ಕಾರ್ಟರ್ ಚಿತ್ರ ತೆಗೆದ. ಹದ್ದು ರೆಕ್ಕೆ ಬಿಚ್ಚಿದರೆ ಚಿತ್ರ ಇನ್ನೂ ಬಲವಾದೀತೆಂದು ಸುಮಾರು 20 ನಿಮಿಷ ಕಾದನೆಂದು ವರದಿಯಿದೆ. ಆಮೇಲೆ ಹದ್ದನ್ನು ಓಡಿಸಿ, ಮರದ ಕೆಳಗೆ ಕೂತು ಅತ್ತ.

ಆ ತಿಂಗಳಲ್ಲೇ ಚಿತ್ರ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಪ್ರಕಟವಾಯಿತು. ಮಗು ಏನಾಯಿತೆಂದು ಓದುಗರು ಕೇಳಿದರು. ಅದು ಕೇಂದ್ರವನ್ನು ಮುಟ್ಟಿತೊ ಇಲ್ಲವೊ ತಿಳಿಯದೆಂದು ಪತ್ರಿಕೆ ಉತ್ತರಿಸಬೇಕಾಯಿತು. 1994ರ ಏಪ್ರಿಲಿನಲ್ಲಿ ಚಿತ್ರಕ್ಕೆ ಪುಲಿಟ್ಜರ್ ಪಾರಿತೋಷಕ ಬಂದಿತು. ಅದೇ ತಿಂಗಳು ಆಪ್ತಮಿತ್ರ ಕೆನ್ ಊಸ್ಟರ್‌ಬ್ರೂಕ್ ಗುಂಡಿಗೆ ಬಲಿಯಾದ. ಜುಲೈ 27ರಂದು, ತನ್ನ 33ನೆಯ ವಯಸ್ಸಿನಲ್ಲಿ, ಕಾರ್ಟರ್ ತನ್ನ ಬಾಳನ್ನು ತಾನೇ ಮುಗಿಸಿಕೊಂಡ. ಸಾಲ, ಮಾದಕ ವ್ಯಸನ, ಗೆಳೆಯನ ಅಗಲಿಕೆ, ಕಂಡ ಸಾವುಗಳ ಕಾಟ ಎಲ್ಲವೂ ಅವನನ್ನು ಮುತ್ತಿದ್ದುವು. ಒಂದೇ ಚಿತ್ರವನ್ನು ಕಾರಣವೆನ್ನುವುದು ನ್ಯಾಯವಲ್ಲ. ಆ ಮಗು ಹುಡುಗನೆಂದೂ, ಕ್ಷಾಮವನ್ನು ದಾಟಿ ಬದುಕಿ ವರ್ಷಗಳ ಬಳಿಕ ಜ್ವರದಿಂದ ತೀರಿಕೊಂಡನೆಂದೂ 2011ರಲ್ಲಿ ಸ್ಪೇನಿನ ಪತ್ರಿಕೆಯೊಂದು ವರದಿ ಮಾಡಿತು. ಕಾರ್ಟರನಿಗೆ ಅದು ತಿಳಿಯಲೇ ಇಲ್ಲ.

ತರಗತಿಯಲ್ಲಿ ಈ ಕಥೆ ಹೇಳಿದಾಗ ವಿದ್ಯಾರ್ಥಿಗಳು ತಟ್ಟನೆ ಅವನನ್ನು ಅಪರಾಧಿಯೆನ್ನುತ್ತಾರೆ. ನಾನು ಅಷ್ಟು ಬೇಗ ತೀರ್ಪು ಕೊಡಲಾರೆ. ರೋಗಭಯದಿಂದ ಸಂತ್ರಸ್ತರನ್ನು ಮುಟ್ಟಬಾರದೆಂದು ಪತ್ರಕರ್ತರಿಗೆ ಸೂಚನೆಯಿತ್ತೆಂದು ಹೇಳಲಾಗಿದೆ. ಮೇಲಾಗಿ, ಆ ಚಿತ್ರವಿಲ್ಲದೆ ಆ ಕ್ಷಾಮ ದೂರದೇಶದವರ ಕಣ್ಣಿಗೆ ಅಷ್ಟು ಹತ್ತಿರ ಬರುತ್ತಿರಲಿಲ್ಲ. ಹಾಗೆಂದು ಆ ಕಾಯುವಿಕೆಯನ್ನು ಸಮರ್ಥಿಸಲೂ ನನಗೆ ಬಾಯಿ ಬಾರದು. ಸಾಕ್ಷಿ ನುಡಿಯಲು ಮೊದಲ ಚಿತ್ರವೇ ಸಾಕಾಗಿತ್ತು. ಆ ಮೇಲಿನ ನಿಮಿಷಗಳು ಲೋಕಕ್ಕೂ ಸೇರಿದವಲ್ಲ, ಕಲೆಗೂ ಸೇರಿದವಲ್ಲ, ಮಗುವಿಗೆ ಸೇರಿದವು. ಭೋಜನಶಾಲೆಯಲ್ಲಿ ಪರಿಚಾರಕನಿಗಾಗಿ ಪೆಟ್ಟು ತಿಂದ ಆ ತರುಣನಾಗಿದ್ದರೆ ಅಷ್ಟು ಹೊತ್ತು ಕಾಯುತ್ತಿರಲಿಲ್ಲವೆಂದು ನನ್ನ ನಂಬಿಕೆ.