ಜ್ಯಾಕ್ ಸ್ಟ್ರಾಸ್

ಜ್ಯಾಕ್ ಸ್ಟ್ರಾಸ್ (ಜೂನ್ 16, 1930 – ಆಗಸ್ಟ್ 17, 1988) ಅಮೆರಿಕ ಸಂಯುಕ್ತ ಸಂಸ್ಥಾನದ ವೃತ್ತಿಪರ ಪೋಕರ್ ಆಟಗಾರರು. ಟೆಕ್ಸಾಸ್ ಮೂಲದ ಇವರು ಸುಮಾರು ಆರೂವರೆ ಅಡಿ ಎತ್ತರವಿದ್ದುದರಿಂದ ಮರದ ತುದಿ ಎಂಬ ಅರ್ಥದ ‘ಟ್ರೀಟಾಪ್’ ಎಂಬ ಅಡ್ಡಹೆಸರಿನಿಂದ ಪ್ರಸಿದ್ಧರಾಗಿದ್ದರು. ವರ್ಲ್ಡ್ ಸೀರೀಸ್ ಆಫ್ ಪೋಕರ್ ಸ್ಪರ್ಧೆಗಳಲ್ಲಿ 1973ರ ‘ಡ್ಯೂಸ್ ಟು ಸೆವೆನ್’ ಲೋಬಾಲ್ ವಿಭಾಗವನ್ನೂ 1982ರ ಮುಖ್ಯ ಸ್ಪರ್ಧೆಯನ್ನೂ ಗೆದ್ದರು.

ಲೋಬಾಲ್ ಆಟ ಮತ್ತು 1973ರ ಗೆಲುವು

ಸಾಮಾನ್ಯ ಪೋಕರಿನಲ್ಲಿ ಅತ್ಯಂತ ಬಲವಾದ ಕೈಗೆ ಗೆಲುವು. ಲೋಬಾಲ್‌ನಲ್ಲಿ ಅತ್ಯಂತ ದುರ್ಬಲವಾದ ಕೈಗೆ ಗೆಲುವು. ಸ್ಟ್ರಾಸ್ ಗೆದ್ದ ಪ್ರಕಾರದಲ್ಲಿ ಪ್ರತಿ ಆಟಗಾರನಿಗೆ ಐದು ಎಲೆಗಳನ್ನು ಮುಚ್ಚಿ ಹಂಚಲಾಗುತ್ತದೆ. ಮೊದಲ ಸುತ್ತಿನ ಪಣದ ನಂತರ ಆಟಗಾರನು ಬೇಡವಾದ ಎಲೆಗಳನ್ನು ಒಮ್ಮೆ ಬದಲಾಯಿಸಿಕೊಳ್ಳಬಹುದು. ಇಲ್ಲವೇ ಇದ್ದ ಎಲೆಗಳನ್ನೇ ಉಳಿಸಿಕೊಳ್ಳಬಹುದು. ಬಳಿಕ ಎರಡನೆಯ ಸುತ್ತಿನ ಪಣ ನಡೆದು, ಕೊನೆಗೆ ಎಲೆಗಳನ್ನು ತೋರಿಸಲಾಗುತ್ತದೆ.

ಇಲ್ಲಿ ಎಕ್ಕವನ್ನು ಯಾವಾಗಲೂ ಅತಿ ದೊಡ್ಡ ಎಲೆಯೆಂದೇ ಎಣಿಸುತ್ತಾರೆ. ಜೋಡಿಗಳು, ಅನುಕ್ರಮವಾದ ಐದು ಎಲೆಗಳು ಮತ್ತು ಒಂದೇ ಜಾತಿಯ ಐದು ಎಲೆಗಳು ಆಟಗಾರನಿಗೆ ಪ್ರತಿಕೂಲ. ಆದ್ದರಿಂದ 6-5-4-3-2 ಅನುಕ್ರಮವಾಗಿ ಕೆಡುತ್ತದೆ. ಒಂದೇ ಜಾತಿಗೆ ಸೇರದ 7-5-4-3-2 ಸರ್ವಶ್ರೇಷ್ಠವಾಗುತ್ತದೆ. ಎರಡರಿಂದ ಏಳರವರೆಗೆ ಎಂಬ ಅರ್ಥದ ಹೆಸರು ಬಂದಿರುವುದು ಇದರಿಂದಲೇ.

ಎದುರಾಳಿಯ ಒಂದು ಎಲೆಯೂ ಕಾಣದ ಈ ಆಟದಲ್ಲಿ ಅವನು ಎಷ್ಟು ಎಲೆ ಬದಲಾಯಿಸಿದ ಮತ್ತು ಎಷ್ಟು ಪಣ ಕಟ್ಟಿದ ಎಂಬುದೇ ಮುಖ್ಯ ಸುಳಿವು. ಕೆಟ್ಟ ಕೈಯನ್ನು ಬದಲಾಯಿಸದೆ ಉಳಿಸಿಕೊಂಡು, ಒಳ್ಳೆಯ ಕೈ ಇರುವಂತೆ ನಟಿಸಿ ಗೆಲ್ಲಲು ಸಾಧ್ಯ. ಇಂತಹ ಹುಸಿ ಪಣವನ್ನು ‘ಬ್ಲಫ್’ ಎನ್ನುತ್ತಾರೆ. ಸ್ಟ್ರಾಸ್ ಅದರಲ್ಲಿ ನಿಪುಣರಾಗಿದ್ದರು.

ಪ್ರಸಿದ್ಧ ಬ್ಲಫ್

ಸ್ಟ್ರಾಸ್ ಅವರ ಹೆಸರಿನೊಂದಿಗೆ ಹೆಚ್ಚಾಗಿ ಹೇಳಲಾಗುವ ಪ್ರಸಂಗ ಟೆಕ್ಸಾಸ್ ಹೋಲ್ಡೆಮ್ ಆಟದ್ದು. ಇದರಲ್ಲಿ ಕೈಯ ಎರಡು ಗುಪ್ತ ಎಲೆಗಳ ಜೊತೆಗೆ ಮೇಜಿನ ಮೇಲೆ ಎಲ್ಲರಿಗೂ ಸೇರಿದ ಎಲೆಗಳಿರುತ್ತವೆ. ಸ್ಟ್ರಾಸ್ ಕೈಯಲ್ಲಿದ್ದದ್ದು, ಈ ಆಟದಲ್ಲಿ ಅತಿ ಕೆಟ್ಟದ್ದೆನಿಸಿದ 7 ಮತ್ತು 2. ಮೇಜಿನ ಮೇಲೆ 7-3-3, ಬಳಿಕ 2 ಬಂದವು. ಎದುರಾಳಿಯ ಬಳಿ ದೊಡ್ಡ ಜೋಡಿಯಿದೆಯೆಂದು ಅರಿತೂ ಅವರು ಭಾರಿ ಪಣ ಕಟ್ಟಿದರು. ಎದುರಾಳಿ ಯೋಚಿಸುತ್ತಿದ್ದಾಗ, 25 ಡಾಲರ್ ಕೊಟ್ಟರೆ ತನ್ನ ಎರಡು ಎಲೆಗಳಲ್ಲಿ ಅವನು ಆರಿಸಿದ ಒಂದನ್ನು ತೋರಿಸುವುದಾಗಿ ಹೇಳಿದರು. ತೆರೆದ ಎಲೆ 2 ಆಗಿತ್ತು. ಯಾವುದನ್ನಾದರೂ ತೋರಿಸಲು ಸಿದ್ಧರಿದ್ದುದರಿಂದ ಎರಡೂ ಎಲೆಗಳು ಒಂದೇ ಇರಬೇಕು, ಅಂದರೆ ಸ್ಟ್ರಾಸ್ ಬಳಿ ಮೂರು ಎರಡುಗಳು ಮತ್ತು ಎರಡು ಮೂರುಗಳಿವೆ ಎಂದು ಭಾವಿಸಿ ಎದುರಾಳಿ ಆಟ ಬಿಟ್ಟನು.

1982ರ ಮುಖ್ಯ ಸ್ಪರ್ಧೆ

ಲಾಸ್ ವೇಗಸ್‌ನ ಬಿನಿಯನ್ಸ್ ಹಾರ್ಸ್‌ಶೂ ಕ್ಯಾಸಿನೊದಲ್ಲಿ ನಡೆದ 1982ರ ಮುಖ್ಯ ಸ್ಪರ್ಧೆಯಲ್ಲಿ 104 ಮಂದಿ ಭಾಗವಹಿಸಿದ್ದರು. ಪ್ರವೇಶ ಶುಲ್ಕ 10,000 ಡಾಲರ್. ಒಂದು ಹಂತದಲ್ಲಿ ಸ್ಟ್ರಾಸ್ ತಮ್ಮ ಬಿಲ್ಲೆಗಳನ್ನೆಲ್ಲ ಮುಂದಕ್ಕೆ ತಳ್ಳಿ ಸೋತರು. ಎದ್ದು ಹೊರಡುವಾಗ 500 ಡಾಲರಿನ ಒಂದು ಬಿಲ್ಲೆ ಮೇಜಿನ ಮೇಲೆ ಕಣ್ಣಿಗೆ ಬೀಳದೆ ಉಳಿದಿರುವುದು ಗೊತ್ತಾಯಿತು. ಎಲ್ಲವನ್ನೂ ಪಣಕ್ಕಿಟ್ಟಿದ್ದೇನೆಂದು ಅವರು ಬಾಯಿಬಿಟ್ಟು ಘೋಷಿಸದ ಕಾರಣ ಆಟ ಮುಂದುವರಿಸಲು ಅವಕಾಶ ದೊರೆಯಿತು. ಆ ಒಂದು ಬಿಲ್ಲೆಯಿಂದ ಚೇತರಿಸಿಕೊಂಡ ಅವರು ಅಂತಿಮವಾಗಿ ಡ್ಯೂಯಿ ಟಾಮ್ಕೊ ಅವರನ್ನು ಸೋಲಿಸಿ 5,20,000 ಡಾಲರ್ ಬಹುಮಾನ ಪಡೆದರು. ಒಂದು ಬಿಲ್ಲೆಯೂ ಒಂದು ಕುರ್ಚಿಯೂ ಇದ್ದರೆ ಗೆಲುವಿನ ಆಸೆಯಿದೆ ಎಂಬ ಅರ್ಥದ ಪೋಕರ್ ನಾಣ್ಣುಡಿಯನ್ನು ಈ ಘಟನೆಯೊಂದಿಗೆ ಜೋಡಿಸಲಾಗುತ್ತದೆ.

ನಿಧನ

1988ರ ಆಗಸ್ಟ್ 17ರಂದು ಲಾಸ್ ಏಂಜಲಿಸ್ ಪ್ರದೇಶದ ಬೈಸಿಕಲ್ ಕ್ಯಾಸಿನೊದಲ್ಲಿ ದೊಡ್ಡ ಪಣದ ಆಟವಾಡುತ್ತಿದ್ದಾಗ ಸ್ಟ್ರಾಸ್ ಕುಸಿದು ನಿಧನರಾದರು. ಆಗ ಅವರಿಗೆ 58 ವರ್ಷ ವಯಸ್ಸು. ಅದೇ ವರ್ಷ ಅವರ ಹೆಸರನ್ನು ಪೋಕರ್ ಹಾಲ್ ಆಫ್ ಫೇಮ್‌ಗೆ ಸೇರಿಸಲಾಯಿತು.