ಗಂಗರ ಮಂತ್ರಿ ಚಾವುಂಡರಾಯ

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್

ಶ್ರವಣಬೆಳಗೊಳದ ಗೊಮ್ಮಟೇಶ್ವರನನ್ನು ಮಾಡಿಸಿದವನು ಚಾವುಂಡರಾಯ ಎಂದು ಒಂದು ಅಂಕದ ಪ್ರಶ್ನೆಗೆ ಉತ್ತರ ಬರೆದು ನಾವೆಲ್ಲ ಮುಂದಿನ ತರಗತಿಗೆ ಹೋದವರೇ. ಅಷ್ಟು ದೊಡ್ಡ ಮೂರ್ತಿ ಮಾಡಿಸಿದವನು ರಾಜನೇ ಇರಬೇಕು ಎಂದು ಅನೇಕರು ತಿಳಿದಿದ್ದಾರೆ. ಅವನು ರಾಜನಲ್ಲ, ರಾಜನ ಮಂತ್ರಿ ಮತ್ತು ದಂಡನಾಯಕ. ಅವನು ಸೇವೆ ಮಾಡಿದ ಗಂಗ ಮನೆತನದ ಬೇರು ಇರುವುದು ನಮ್ಮ ಸೀಮೆಯಲ್ಲೇ. ಆದ್ದರಿಂದ ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಅವನ ಜೀವನವನ್ನು ನೆನೆಯುವುದು ಸೂಕ್ತವೆಂದು ಭಾವಿಸಿದ್ದೇನೆ.

ಗಂಗರು ಸುಮಾರು 350ರಲ್ಲಿ ರಾಜ್ಯ ಕಟ್ಟಿದ್ದು ಕುವಲಾಲದಲ್ಲಿ, ಎಂದರೆ ಇಂದಿನ ಕೋಲಾರದಲ್ಲಿ. ಮುಂದೆ ರಾಜಧಾನಿ ಕಾವೇರಿ ತೀರದ ತಲಕಾಡಿಗೆ ಹೋಯಿತು. ಆದರೂ ಗಂಗರಾಜರು ತಮ್ಮ ಶಾಸನಗಳಲ್ಲಿ ಕುವಲಾಲಪುರವರೇಶ್ವರ, ನಂದಗಿರಿನಾಥ ಎಂಬ ಬಿರುದುಗಳನ್ನು ಬಿಡಲಿಲ್ಲ. ನಂದಗಿರಿ ಎಂದರೆ ನಮ್ಮ ನಂದಿಬೆಟ್ಟ. ಕೆಲಸಕ್ಕಾಗಿ ಬೆಂಗಳೂರು ಸೇರಿದವರೂ ಹೆಸರಿನ ಮುಂದೆ ಊರಿನ ಹೆಸರು ಉಳಿಸಿಕೊಳ್ಳುತ್ತಾರಲ್ಲ, ಹಾಗೆ.

ಚಾವುಂಡರಾಯ ಬ್ರಹ್ಮಕ್ಷತ್ರ ಕುಲದವನು. ತಾಯಿ ಕಾಳಲಾದೇವಿ. ಗುರುಗಳು ಅಜಿತಸೇನಾಚಾರ್ಯರು ಮತ್ತು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು. ಅವನು ಮೊದಲು ದುಡಿದದ್ದು ಇಮ್ಮಡಿ ಮಾರಸಿಂಹನ ಕೈಕೆಳಗೆ. ಆಗ ಗಂಗರು ರಾಷ್ಟ್ರಕೂಟರ ಸಾಮಂತರಾಗಿದ್ದರು. ಪಕ್ಕದ ನೊಳಂಬರೊಡನೆ ಯುದ್ಧ ನಡೆಯುತ್ತಿತ್ತು. ಮುಳಬಾಗಿಲು ಬಳಿಯ ಆವನಿಯ ದೇವಾಲಯಗಳನ್ನು ನೋಡಿದವರಿಗೆ ಆ ನೊಳಂಬರ ಹೆಸರು ಹೊಸದಲ್ಲ. ಗೋನೂರಿನಲ್ಲಿ ನೊಳಂಬರ ವಿರುದ್ಧ ತೋರಿದ ಶೌರ್ಯಕ್ಕೆ ವೀರಮಾರ್ತಾಂಡ, ಉಚ್ಚಂಗಿ ಕೋಟೆಯ ಕಾಳಗಕ್ಕೆ ರಣರಂಗಸಿಂಗ, ಹೀಗೆ ಒಂದೊಂದು ಯುದ್ಧಕ್ಕೆ ಒಂದೊಂದು ಬಿರುದು ಚಾವುಂಡರಾಯನಿಗೆ ಬಂತು.

973ರಲ್ಲಿ ಚಾಲುಕ್ಯ ತೈಲಪ ರಾಷ್ಟ್ರಕೂಟರನ್ನು ಉರುಳಿಸಿದ. ಅವರ ವಂಶದ ಇಂದ್ರನನ್ನು ಮತ್ತೆ ಪಟ್ಟಕ್ಕೆ ತರಲು ಮಾರಸಿಂಹ ಪ್ರಯತ್ನಿಸಿ ಸೋತ. ಕೊನೆಗೆ ರಾಜ್ಯವನ್ನೇ ಬಿಟ್ಟು, ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟ. ತಲಕಾಡಿನ ಸಿಂಹಾಸನಕ್ಕಾಗಿ ಗಂಗರಲ್ಲೇ ಒಬ್ಬರ ಮೇಲೊಬ್ಬರು ಎದ್ದರು.

ಸೈನ್ಯ ಚಾವುಂಡರಾಯನ ಕೈಯಲ್ಲಿತ್ತು. ಇಂಥ ಸಮಯದಲ್ಲಿ ಸೇನಾಪತಿಯೇ ರಾಜನಾದ ಉದಾಹರಣೆಗಳು ಚರಿತ್ರೆಯಲ್ಲಿ ಬೇಕಾದಷ್ಟಿವೆ. ಚಾವುಂಡರಾಯ ಆ ದಾರಿ ಹಿಡಿಯಲಿಲ್ಲ. ರಾಚಮಲ್ಲನ ಪಕ್ಷ ಹಿಡಿದು, ಅವನ ಪಟ್ಟವನ್ನು ಕಾಪಾಡಿ, ತಾನು ಮಂತ್ರಿಯಾಗಿಯೇ ಉಳಿದ.

ಇದಕ್ಕೆ ಅವನು ತೆತ್ತ ಬೆಲೆ ಸಣ್ಣದಲ್ಲ. ಚಲದಂಕಗಂಗ ಎಂದು ಹೆಸರಾದ ಮುದುರಾಚಯ್ಯ ಚಾವುಂಡರಾಯನ ತಮ್ಮ ನಾಗವರ್ಮನನ್ನು ಕೊಂದಿದ್ದ. ಚಾವುಂಡರಾಯ ಯುದ್ಧದಲ್ಲಿ ಮುದುರಾಚಯ್ಯನನ್ನು ಕೊಂದು ಸೇಡು ತೀರಿಸಿಕೊಂಡ. ಅದರಿಂದ ಸಮರಪರಶುರಾಮ ಎಂಬ ಬಿರುದು ಬಂತು. ತಮ್ಮ ತಿರುಗಿ ಬರಲಿಲ್ಲ.

ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಗೊಮ್ಮಟನ ಕಥೆಯನ್ನು ಮತ್ತೊಮ್ಮೆ ನೋಡಬೇಕು. ಭರತ ಬಾಹುಬಲಿ ಅಣ್ಣತಮ್ಮಂದಿರು. ರಾಜ್ಯಕ್ಕಾಗಿ ಎರಡು ಸೈನ್ಯಗಳು ಎದುರುಬದುರು ನಿಂತಾಗ, ಅಣ್ಣತಮ್ಮಂದಿರ ಜಗಳಕ್ಕೆ ಸಾವಿರಾರು ಜನ ಏಕೆ ಸಾಯಬೇಕು ಎಂದು ಯೋಚಿಸಿದವರು ಎರಡೂ ಕಡೆಯ ಮಂತ್ರಿಗಳು. ಅವರ ಸಲಹೆಯಂತೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರೇ ನಡೆದವು. ಮೂರರಲ್ಲೂ ಗೆದ್ದ ಬಾಹುಬಲಿ, ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಿಂತ. ತೀರ್ಥಂಕರರು ಇಪ್ಪತ್ನಾಲ್ಕು ಮಂದಿ ಇರುವಾಗ ಚಾವುಂಡರಾಯ ಬೆಟ್ಟದ ಮೇಲೆ ನಿಲ್ಲಿಸಿದ್ದು ಅವರಲ್ಲೊಬ್ಬನಲ್ಲದ ಬಾಹುಬಲಿಯನ್ನು. ತಮ್ಮನನ್ನು ಕಳೆದುಕೊಂಡ ಮಂತ್ರಿಗೆ, ಅಣ್ಣನ ಮೇಲೆತ್ತಿದ ಕೈಯನ್ನು ತಡೆದುಕೊಂಡ ತಮ್ಮನ ಕಥೆ ಬೇರೆಯದೇ ರೀತಿಯಲ್ಲಿ ತಟ್ಟಿರಬೇಕು ಎಂದು ನನಗೆ ಅನ್ನಿಸುತ್ತದೆ.

ಸ್ಥಳಪುರಾಣದಲ್ಲಿ ಬೇರೆ ಕಥೆಯಿದೆ. ಪೌದನಪುರದ ಬಾಹುಬಲಿ ಮೂರ್ತಿಯನ್ನು ನೋಡಬೇಕೆಂದು ಕಾಳಲಾದೇವಿ ಆಸೆಪಟ್ಟಳಂತೆ. ತಾಯಿಯನ್ನು ಕರೆದುಕೊಂಡು ಹೊರಟ ಚಾವುಂಡರಾಯ ಬೆಳಗೊಳದಲ್ಲಿ ತಂಗಿದಾಗ ಕನಸಾಗಿ, ಚಂದ್ರಗಿರಿಯಿಂದ ಎದುರಿನ ಬೆಟ್ಟಕ್ಕೆ ಬಾಣ ಬಿಟ್ಟನಂತೆ. ಮೂರ್ತಿ ಸಿದ್ಧವಾಗಿ ಅಭಿಷೇಕ ನಡೆದಾಗ ಕೊಡಗಟ್ಟಲೆ ಹಾಲು ಸುರಿದರೂ ಅದು ಸೊಂಟದಿಂದ ಕೆಳಗೆ ಇಳಿಯಲಿಲ್ಲವಂತೆ. ಬಡ ಅಜ್ಜಿಯೊಬ್ಬಳು ಗುಳ್ಳದ ಚಿಪ್ಪಿನಲ್ಲಿ ತಂದ ಹಾಲಿಗೆ ಪಾದದವರೆಗೂ ನೆನೆಯಿತಂತೆ. ಅಧಿಕಾರದಲ್ಲಿದ್ದವನ ಗರ್ವವನ್ನು ಇಳಿಸಲು ಜನರೇ ಕಟ್ಟಿದ ಕಥೆ ಇದು. ಆ ಗುಳ್ಳಕಾಯಜ್ಜಿಯ ವಿಗ್ರಹ ಇಂದಿಗೂ ಗೊಮ್ಮಟನ ಎದುರಿಗೇ ಇದೆ.

ಸುಮಾರು 58 ಅಡಿ ಎತ್ತರದ ಈ ಏಕಶಿಲಾ ಮೂರ್ತಿ ಸ್ಥಾಪನೆಯಾದದ್ದು 981ರಲ್ಲಿ ಎಂದು ಸಾಮಾನ್ಯವಾಗಿ ಒಪ್ಪಿರುವುದರಿಂದ 1981ರಲ್ಲಿ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕ ನಡೆಯಿತು. ಮಾಡಿಸಿದವನ ಹೆಸರು ಮೂರ್ತಿಯ ಪಾದದ ಬಳಿ ಕೆಲವೇ ಅಕ್ಷರಗಳಲ್ಲಿದೆ.

ಕತ್ತಿ ಹಿಡಿದ ಕೈಯೇ ಲೇಖನಿಯನ್ನೂ ಹಿಡಿಯಿತು. 978ರಲ್ಲಿ ಅವನು ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ಬರೆದ. ಇಪ್ಪತ್ನಾಲ್ಕು ತೀರ್ಥಂಕರರೂ ಸೇರಿ 63 ಮಹಾಪುರುಷರ ಚರಿತ್ರೆ ಅದರಲ್ಲಿದೆ. ಚಾವುಂಡರಾಯ ಪುರಾಣ ಎಂದೇ ಅದು ಪ್ರಸಿದ್ಧ. ಚಂಪೂ ಕಾವ್ಯಗಳಿಗೆ ಮನ್ನಣೆಯಿದ್ದ ಕಾಲದಲ್ಲಿ ಅವನು ಗದ್ಯವನ್ನು ಆರಿಸಿಕೊಂಡ. ಹಳಗನ್ನಡದ ಮೊದಲ ಗದ್ಯಗ್ರಂಥಗಳ ಸಾಲಿನಲ್ಲಿ ವಡ್ಡಾರಾಧನೆಯ ಜೊತೆಗೆ ಇದೂ ನಿಲ್ಲುತ್ತದೆ.

ಮಂತ್ರಿಯ ಮನೆಯ ಬಾಗಿಲು ಬಡವರ ಮಕ್ಕಳಿಗೂ ತೆರೆದಿತ್ತು. ಮುಧೋಳದ ಬಳೆಗಾರರ ಮನೆಯ ಹುಡುಗ ರನ್ನ, ಓದಬೇಕೆಂಬ ಹಂಬಲದಿಂದ ಗಂಗರ ನಾಡಿಗೆ ಬಂದಾಗ ಅವನಿಗೆ ಆಶ್ರಯ ಕೊಟ್ಟವನು ಚಾವುಂಡರಾಯ. ಅಜಿತಸೇನಾಚಾರ್ಯರ ಬಳಿ ಕಲಿತ ರನ್ನ ಮುಂದೆ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯಾದ. ಉಪಕಾರ ಮರೆಯದೆ ತನ್ನ ಮಗನಿಗೆ ರಾಯ ಎಂದೇ ಹೆಸರಿಟ್ಟ. ಬಳೆ ಮಾರಿ ಬದುಕಿದ ನಾರಣಪ್ಪನವರನ್ನು ತಾತಯ್ಯನವರೆಂದು ಪೂಜಿಸುವ ಕೈವಾರದ ಜನಕ್ಕೆ, ಬಳೆಗಾರರ ಮನೆಯಲ್ಲಿ ಕವಿ ಹುಟ್ಟುತ್ತಾನೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಾವುಂಡರಾಯ ಕಾಪಾಡಿದ ರಾಜ್ಯ ಬಹಳ ಕಾಲ ಉಳಿಯಲಿಲ್ಲ. ಸುಮಾರು 1004ರ ಹೊತ್ತಿಗೆ ತಲಕಾಡು ಚೋಳರ ಪಾಲಾಯಿತು. ನಮ್ಮ ಸೀಮೆಯೂ ಅವರ ಕೈ ಸೇರಿತು. ಕೋಲಾರಮ್ಮನ ಗುಡಿಯ ತಮಿಳು ಶಾಸನಗಳು ಅದಕ್ಕೆ ಸಾಕ್ಷಿ. ಸಿಂಹಾಸನ ಹೋಯಿತು. ಮಂತ್ರಿ ನಿಲ್ಲಿಸಿದ ಮೂರ್ತಿ, ಬರೆದ ಪುಸ್ತಕ, ಆಸರೆ ಕೊಟ್ಟ ಹುಡುಗನ ಕಾವ್ಯ ಉಳಿದವು.

ಸರ್ಕಾರಿ ಪ್ರೌಢಶಾಲೆಯೊಂದು ಐವತ್ತು ವರ್ಷ ನಡೆಯುವುದು ಮೊದಲ ಸಾಲಿನಲ್ಲಿ ಕೂರದವರಿಂದಲೇ. ವರ್ಗವಾಗಿ ಬಂದು ನಮ್ಮೂರಿನವರೇ ಆಗಿಹೋದ ಮೇಷ್ಟ್ರು, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬಾಗಿಲು ತೆಗೆದ ಜವಾನರು, ಫೀಸಿಗೆ ಕಷ್ಟವಿದ್ದವರಿಗೆ ಸದ್ದಿಲ್ಲದೆ ಕೈ ನೀಡಿದ ಹಿರಿಯರು, ಇವರ ಹೆಸರು ಶಿಲಾಫಲಕದಲ್ಲಿ ಇಲ್ಲದಿರಬಹುದು. ಈಗ ಓದುತ್ತಿರುವ ತಮ್ಮ ತಂಗಿಯರು ಮುಂದಿನ ಸಲ ಬೆಳಗೊಳಕ್ಕೆ ಪ್ರವಾಸ ಹೋದಾಗ ತಲೆಯೆತ್ತಿ ಗೊಮ್ಮಟನನ್ನು ನೋಡಿದ ಮೇಲೆ, ತಲೆ ಬಗ್ಗಿಸಿ ಪಾದದ ಬಳಿಯ ಆ ಅಕ್ಷರಗಳನ್ನೂ ಒಮ್ಮೆ ಹುಡುಕಲಿ.