ನೂಲಿನ ಚೀಟಿಯ ಮೇಲಿನ ಹೆಸರು

ನಮ್ಮದು ನೇಕಾರರ ಮನೆ. ಮಗ್ಗದ ಸದ್ದಿನಲ್ಲಿಯೇ ಬೆಳೆದವನಾದರೂ, ಕಾಲೇಜಿಗೆ ಸೇರಿದ ಮೇಲೆ ಆ ಮಾತನ್ನು ಗೆಳೆಯರೆದುರು ಆಡಲು ನಾನು ಹಿಂಜರಿಯುತ್ತಿದ್ದೆನೆಂಬುದನ್ನು ಇಲ್ಲಿ ಮುಚ್ಚಿಡಲಾರೆ. ಕಳೆದ ರಜೆಯಲ್ಲಿ ತಂದೆಯವರು ನೂಲಿನ ಕಟ್ಟೊಂದನ್ನು ಬಿಚ್ಚುತ್ತ, ಅದರ ಚೀಟಿಯ ಮೇಲಿದ್ದ ಮರ್ಸರೈಸ್ಡ್ ಎಂಬ ಪದದ ಅರ್ಥವೇನೆಂದು ಕೇಳಿದರು. 30 ವರ್ಷ ಅಂಥ ನೂಲನ್ನು ನೇಯ್ದವರು ಅವರು, ಬಿ.ಎ. ಓದುತ್ತಿರುವವನು ನಾನು. ನನ್ನಲ್ಲಿ ಉತ್ತರವಿರಲಿಲ್ಲ. ಆ ನಾಚಿಕೆಯೇ ನನ್ನನ್ನು ಗ್ರಂಥಾಲಯಕ್ಕೆ ಅಟ್ಟಿತು.

ಅದು ಒಬ್ಬ ಮನುಷ್ಯನ ಹೆಸರಿನಿಂದ ಬಂದುದೆಂದು ಅಲ್ಲಿ ತಿಳಿಯಿತು. ಜಾನ್ ಮರ್ಸರ್ 1791ರಲ್ಲಿ ಇಂಗ್ಲೆಂಡಿನ ಲ್ಯಾಂಕಷೈರ್ ಪ್ರಾಂತದ ಗ್ರೇಟ್ ಹಾರ್ವುಡ್ ಬಳಿ ಹುಟ್ಟಿದನು. ಶಾಲೆಯ ಮೆಟ್ಟಿಲನ್ನು ಅವನು ಹತ್ತಲಿಲ್ಲ. 9ನೆಯ ವಯಸ್ಸಿಗೇ ಕಂಡಿಕೆ ಸುತ್ತಲು ಕುಳಿತನು. ಬಳಿಕ ಕೈಮಗ್ಗದ ನೇಕಾರನಾದನು. ಓದುಬರಹವನ್ನು ನೆರೆಯವನೊಬ್ಬನಿಂದ ಕಲಿತನು. 16ನೆಯ ವಯಸ್ಸಿನಲ್ಲಿ, ಪುಟ್ಟ ಮಲತಮ್ಮನು ತೊಟ್ಟಿದ್ದ ಕಿತ್ತಳೆ ಬಣ್ಣದ ಉಡುಪನ್ನು ಕಂಡು ಬಣ್ಣಗಾರಿಕೆಯ ಹುಚ್ಚು ಹಿಡಿಯಿತು. ಮದುವೆಯ ಪರವಾನಗಿಗಾಗಿ ಬ್ಲ್ಯಾಕ್‌ಬರ್ನ್ ಪಟ್ಟಣಕ್ಕೆ ಹೋದವನು ಹಳೆಯ ಪುಸ್ತಕಗಳ ನಡುವೆ ರಸಾಯನಶಾಸ್ತ್ರದ ಕಿರುಹೊತ್ತಗೆಯೊಂದನ್ನು ಕಂಡು ಕೊಂಡು ತಂದನು. ಅದೇ ಅವನ ಕಾಲೇಜಾಯಿತು. 1818ರಲ್ಲಿ ಓಕನ್‌ಷಾದ ಬಟ್ಟೆ ಅಚ್ಚಿನ ಕಾರ್ಖಾನೆಯಲ್ಲಿ ರಸಾಯನಜ್ಞನಾದನು. 1825ರಲ್ಲಿ ಅದರ ಪಾಲುದಾರನೂ ಆದನು.

1844ರಲ್ಲಿ ಕಾಸ್ಟಿಕ್ ಸೋಡದ ದ್ರಾವಣವನ್ನು ಹತ್ತಿಬಟ್ಟೆಯಲ್ಲಿ ಸೋಸುತ್ತಿದ್ದಾಗ, ಬಟ್ಟೆ ದಪ್ಪಗಾಗಿ ಕುಗ್ಗಿದ್ದನ್ನು ಮರ್ಸರ್ ಗಮನಿಸಿದನು. ಬೇರೆಯವರಾಗಿದ್ದರೆ ಬಟ್ಟೆ ಕೆಟ್ಟಿತೆಂದು ಬಿಸುಡುತ್ತಿದ್ದರೇನೋ! ಇವನು ಪರೀಕ್ಷೆಗೆ ತೊಡಗಿದನು. ಹತ್ತಿಯ ಎಳೆ ಸಹಜವಾಗಿ ಚಪ್ಪಟೆ, ತಿರುಚಿಕೊಂಡ ಪಟ್ಟಿಯಂತೆ. ಆ ಕ್ಷಾರದಲ್ಲಿ ಅದು ಉಬ್ಬಿ ದುಂಡಗಾಗುತ್ತದೆ, ಬಲಗೊಳ್ಳುತ್ತದೆ, ಬಣ್ಣವನ್ನು ಹೆಚ್ಚಾಗಿ ಹೀರುತ್ತದೆ. 1850ರಲ್ಲಿ ಅವನಿಗೆ ಪೇಟೆಂಟ್ ದೊರೆಯಿತು. 1852ರಲ್ಲಿ, ಶಾಲೆಯನ್ನೇ ಕಾಣದ ಆ ನೇಕಾರನು ರಾಯಲ್ ಸೊಸೈಟಿಯ ಸದಸ್ಯನಾದನು.

ಆದರೆ ಬಟ್ಟೆ ಸುಮಾರು ಕಾಲುಭಾಗ ಕುಗ್ಗುತ್ತಿದ್ದುದರಿಂದ ಗಿರಣಿಯವರಿಗೆ ಅದು ನಷ್ಟವೆನಿಸಿತು. 1866ರಲ್ಲಿ ಮರ್ಸರ್ ತೀರಿಕೊಂಡಾಗ ಅವನ ವಿಧಾನ ಮೂಲೆ ಸೇರಿತ್ತು. 1890ರ ಸುಮಾರಿಗೆ ಹೊರೇಸ್ ಲೋ ಎಂಬವನು ಹತ್ತಿಯನ್ನು ಬಿಗಿಯಾಗಿ ಎಳೆದು ಹಿಡಿದೇ ಆ ಕ್ಷಾರದ ಸಂಸ್ಕಾರ ಕೊಟ್ಟನು. ಕುಗ್ಗುವುದು ತಪ್ಪಿತು, ಜೊತೆಗೆ ರೇಷ್ಮೆಯಂಥ ಹೊಳಪೂ ಬಂದಿತು. ಆ ಹೊಳಪಿಗೆ ಗಿರಣಿಗಳು ಮನಸೋತ ಕಾಲವನ್ನು ನೋಡಲು ಮರ್ಸರ್ ಉಳಿದಿರಲಿಲ್ಲ. ಹೆಸರು ಮಾತ್ರ ಅವನದೇ ಉಳಿಯಿತು. ಇಂಗ್ಲಿಷಿನಲ್ಲಿ ಮರ್ಸರ್ ಎಂದರೆ ಬಟ್ಟೆ ವ್ಯಾಪಾರಿಯೆಂಬ ಹಳೆಯ ಅರ್ಥವೂ ಇರುವುದರಿಂದ, ಪದದ ಹಿಂದಿರುವ ವ್ಯಕ್ತಿಯನ್ನು ಮರೆಯುವುದು ಇನ್ನೂ ಸುಲಭ.

ಊರಿಗೆ ಹೋದಾಗ ಇದನ್ನೆಲ್ಲ ತಂದೆಯವರಿಗೆ ಹೇಳಿದೆ. ಅವರು ನೂಲಿನ ಎಳೆಯನ್ನು ಬೆರಳುಗಳ ನಡುವೆ ಹೊರಳಿಸುತ್ತ ಕೇಳಿದರು. ಕೊನೆಗೆ, ಆತನೂ ಕಂಡಿಕೆ ಸುತ್ತಿದವನೇ ಎಂದು ಮಾತ್ರ ವಿಚಾರಿಸಿದರು. ಹೌದೆಂದೆ. ಅವರು ಮರಳಿ ಮಗ್ಗಕ್ಕೆ ಕುಳಿತರು. ಕಂಡಿಕೆ ಸುತ್ತಲು ನಾನು ಪಕ್ಕದಲ್ಲಿ ಕುಳಿತೆ. ಈಗ ಯಾರು ಕೇಳಿದರೂ ನಮ್ಮದು ಮಗ್ಗದ ಮನೆಯೆಂದೇ ಹೇಳುತ್ತೇನೆ.